ಹತ್ತೊಂಬತ್ತು ವರ್ಷದ ನಿದ್ದೆ

“ಈ ಸೂಜಿ ಚುಚ್ಚಿದರೆ ನಿದ್ದೆ ಬರುತ್ತದೆಯೇ?”

ಯಶೋಧರಾ ಬೆಚ್ಚಿಬಿದ್ದಳು. ಸಿರಿಂಜು ಹಿಡಿದಿದ್ದ ಅವಳ ಮಣಿಕಟ್ಟನ್ನು ಆ ಮನುಷ್ಯ ಬಿಗಿಯಾಗಿ ಹಿಡಿದುಬಿಟ್ಟಿದ್ದ. ಕೆಂಚು ಗಡ್ಡ, ಬಿಸಿಲಿಗೆ ಸುಲಿದ ಮೂಗು, ತಿಳಿನೀರಿನಂಥ ಕಣ್ಣು. ನೋಡಿದರೆ ವಿದೇಶದವನು... ಆದರೆ ಆಡಿದ್ದು ಕನ್ನಡ!

“ಮೊದ್ಲು ಕೈ ಬಿಡ್ರಿ!”

ಅವನು ತಟ್ಟನೆ ಬಿಟ್ಟ. “ಕ್ಷಮಿಸಬೇಕು. ಕಾಲು ಕತ್ತರಿಸಿದರೂ ಚಿಂತೆಯಿಲ್ಲ. ನಿದ್ದೆ ಬರುವ ಔಷಧಿ ಮಾತ್ರ ಬೇಡ.”

“ಇದು ಟಿಟಿ ಇಂಜೆಕ್ಷನ್. ನಿದ್ದೆ ಗಿದ್ದೆ ಏನೂ ಬರಲ್ಲ. ಮುಳ್ಳು ಚುಚ್ಚಿ ಕಾಲು ಹೆಂಗ್ ಊದ್ಕೊಂಡೈತೆ ನೋಡ್ಕೊಳ್ರಿ.”

ಅದು 2006ರ ನವೆಂಬರ್. ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಆಚೆ, ಗುಡ್ಡದ ಬುಡದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಯಶೋಧರಾ ನರ್ಸ್. ಇಪ್ಪತ್ತನಾಲ್ಕು ವರ್ಷ. ನ್ಯಾಮತಿಯ ಹುಡುಗಿ. ಎರಡು ಕೋಣೆಯ ಕಟ್ಟಡ, ಒಂದು ಕಬ್ಬಿಣದ ಮಂಚ, ಜೊತೆಗೆ ಆಯಾ ಕರಿಬಸಮ್ಮ. ಇಷ್ಟೇ ಅವಳ ಪ್ರಪಂಚ.

ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಪಿಸುಗುಟ್ಟಿದಳು. “ಗುಡ್ಡದ್ ಕಡೆಯಿಂದ ಕುಂಟ್ಕಂತ ಬಂದ್ರು ಸಿಸ್ಟರಮ್ಮ. ಕಾಡ್ನಾಗಿರೋ ನಾಕ್ ಕೊಂಬಿನ ಕೊಂಡುಕುರಿ ನೋಡಾಕೆ ಬಂದಿರೋ ಫಾರಿನ್ ಸಾಹೇಬ್ರು ಇರ್ಬೇಕು.”

ಯಶೋಧರಾ ರಿಜಿಸ್ಟರ್ ತೆಗೆದಳು. “ಹೆಸರು?”

“ಕ್ಯಾಲಮ್ ಗಿಲ್ಲೀಸ್.”

“ಊರು?”

“ಸ್ಕಾಟ್‌ಲೆಂಡ್. ಸಮುದ್ರದ ನಡುವೆ ಒಂದು ದ್ವೀಪ. ಇಲ್ಲಿಯಂತೆಯೇ ಅಲ್ಲಿಯೂ ಎಲ್ಲಿ ನೋಡಿದರಲ್ಲಿ ಕುರಿಗಳು.”

“ವಯಸ್ಸು?”

ಅವನು ತಡೆದ. ಆ ಕಣ್ಣುಗಳಲ್ಲಿ ಏನೋ ಕುಸಿದ ಹಾಗಾಯಿತು.

“ಮೂವತ್ತು... ಎಂದು ಬರೆದುಕೊಳ್ಳಿ.”

*

ಕಾಲು ವಾಸಿಯಾಗುವವರೆಗೂ ಕರಿಬಸಮ್ಮನ ಮನೆಯ ಜಗಲಿಯ ಮೇಲೆ ಅವನಿಗೆ ಜಾಗ ಸಿಕ್ಕಿತು. ಆದರೆ ಅವನು ಕೂತದ್ದೇ ಇಲ್ಲ! ಒಂದು ಕೋಲು ಹಿಡಿದು ಕುಂಟುತ್ತಲೇ ಊರೆಲ್ಲ ಸುತ್ತುತ್ತಿದ್ದ. ಮರುದಿನ ಯಶೋಧರಾ ಪೋಲಿಯೊ ಹನಿ ಹಾಕಲು ಮನೆ ಮನೆಗೆ ಹೊರಟಾಗ ಲಸಿಕೆಯ ಡಬ್ಬಿಯನ್ನು ತಾನೇ ಹೆಗಲಿಗೆ ಹಾಕಿಕೊಂಡ.

“ಕಾಲು ನೋವಿಲ್ವೇನ್ರಿ ನಿಮ್ಗೆ?”

“ಇದೆ. ಅದೇ ಒಳ್ಳೆಯದು. ನೋವಿದ್ದರೆ ಎಚ್ಚರವಾಗಿರಬಹುದು.”

ವಿಚಿತ್ರ ಮನುಷ್ಯ, ಅಂದುಕೊಂಡಳು. ಅವನ ಕನ್ನಡ ಇನ್ನೂ ವಿಚಿತ್ರ. ನೀರು ಕೇಳಬೇಕಾದರೂ “ಅಪ್ಪಣೆಯಾದರೆ” ಅನ್ನುತ್ತಿದ್ದ. ಊರ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಒಂದು ಮನೆಯಲ್ಲಿ ಮೂರು ತಿಂಗಳ ಕೂಸಿನ ಬಾಯಿಗೆ ಅವಳು ಎರಡು ಹನಿ ಬಿಟ್ಟಳು. ಅವನು ಬಗ್ಗಿ ನೋಡಿದ.

“ಇಷ್ಟೇನಾ? ಇಷ್ಟಕ್ಕೆ ಕೂಸು ಉಳಿಯುತ್ತದೆಯೇ?”

“ಈ ರೋಗದಿಂದ ಉಳೀತೈತೆ. ಬೇರೆ ರೋಗಕ್ಕೆ ಬೇರೆ ಲಸಿಕೆ ಐತೆ.”

ಅವನು ಗೋಡೆಗೆ ಒರಗಿ ನಿಂತುಬಿಟ್ಟ. ಕಣ್ಣು ತುಂಬಿದ್ದವು.

“ನನ್ನ ತಾಯಿ ಏಳು ಹೆತ್ತಳು. ಉಳಿದದ್ದು ನಾನು ಮತ್ತು ನನ್ನ ತಂಗಿ ಮೋರಗ್, ಇಬ್ಬರೇ.”

“ಮೋರಗ್ ಈಗ ಎಲ್ಲಿದ್ದಾರೆ?”

ಅವನು ಡಬ್ಬಿ ಹೆಗಲಿಗೇರಿಸಿ ಮುಂದಿನ ಮನೆಯತ್ತ ಹೊರಟುಬಿಟ್ಟ.

ವಾಪಸು ಬರುವ ದಾರಿಯಲ್ಲಿ ಅವನೇ ಮಾತು ತೆಗೆದ. “ಎಲ್ಲರೂ ನಿಮ್ಮನ್ನು ಸಿಸ್ಟರ್ ಅನ್ನುತ್ತಾರೆ. ನಾನು ಹಾಗೆ ಕರೆಯಲಾರೆ.”

“ಯಾಕ್ರಿ?”

“ಆ ಶಬ್ದದ ಅರ್ಥ ನನಗೆ ಚೆನ್ನಾಗಿ ಗೊತ್ತು.”

ಅವಳ ಮುಖಕ್ಕೆ ಒಮ್ಮೆಲೇ ರಕ್ತ ನುಗ್ಗಿತು. ಡಬ್ಬಿ ಕಿತ್ತುಕೊಂಡು ಮುಂದೆ ಮುಂದೆ ನಡೆದಳು. ‘ಅಯ್ಯೋ ಹುಚ್ಚಿ, ಯಾಕಿಂಗೆ ಓಡ್ತಿದೀಯ?’ ಎಂದು ತನ್ನನ್ನೇ ಬೈದುಕೊಂಡಳು.

*

ಮೂರನೇ ದಿನ ಮಧ್ಯಾಹ್ನ ಕೆರೆ ಏರಿಯ ಮೇಲೆ ಅವನು ಎಲ್ಲವನ್ನೂ ಹೇಳಿದ. ಕಣ್ಣು ಕೆಂಪಾಗಿದ್ದವು. ಮಾತು ತೊದಲುತ್ತಿತ್ತು.

“ನಾನು ಕಂಪನಿ ಸರ್ಕಾರದ ಕಾಲದವನು. ಈ ನೆಲ ಅಳೆದು ನಕ್ಷೆ ಬರೆಯಲು ಬಂದೆ. ಸಾವಿರದ ಎಂಟುನೂರ ಮೂವತ್ತೈದನೆಯ ಇಸವಿ.”

ಯಶೋಧರಾ ನಗಲು ಹೋದಳು. ಅವನ ಮುಖ ನೋಡಿ ನಗು ಸತ್ತಿತು.

“ರಾತ್ರಿ ಆ ಗುಡ್ಡದ ಮೇಲೆ ದೀಪ ಹಿಡಿದು ಒಬ್ಬ ನಿಲ್ಲಬೇಕು. ದೂರದ ಗುಡ್ಡದಿಂದ ಆ ದೀಪ ನೋಡಿ ನಾವು ಅಳೆಯುತ್ತಿದ್ದೆವು. ಗಾದ್ರಪ್ಪ ಎಂಬವನು ಐದು ರಾತ್ರಿ ನಿಂತ. ಆರನೆಯ ದಿನ ನನ್ನ ಕಾಲು ಹಿಡಿದು, ‘ಸ್ವಾಮಿ, ಒಂದ್ ಗಳಿಗೆ ಮಲಗಿ ಬತ್ತೀನಿ’ ಅಂದ. ನಾನು ಬಿಡಲಿಲ್ಲ. ನನಗೆ ಕೆಲಸ ಮುಗಿಸುವ ಅವಸರವಿತ್ತು... ಅವನು ನಿಂತಲ್ಲೇ ತೂಕಡಿಸಿ ಬಂಡೆಯಿಂದ ಬಿದ್ದು ಸತ್ತ.”

ಅವನು ಗುಡ್ಡದ ತುದಿಯ ಬಂಡೆಯತ್ತ ಕೈ ತೋರಿದ.

“ಅವನ ಹೆಂಡತಿ ಕರಿಯಕ್ಕ ಡೇರೆಯ ಮುಂದೆ ನಿಂತು ಮಣ್ಣು ತೂರಿದಳು. ‘ನನ್ ಗಂಡನ ಕಣ್ಣಿಗೆ ನಿದ್ದೆ ಕೊಡಲಿಲ್ಲ ನೀನು. ಇನ್ ಮ್ಯಾಲೆ ನಿಂಗ್ ನಿದ್ದೆ ಬಂದಾಗೆಲ್ಲ, ಎದ್ ಕಣ್ ಬಿಟ್ರೆ ನಿನ್ನೋರು ಅನ್ನೋರು ಒಬ್ರೂ ಇರಬಾರ್ದು!’ ಅಂದಳು. ಆ ರಾತ್ರಿ ಮಲಗಿದೆ. ಎದ್ದಾಗ ಡೇರೆಯಿರಲಿಲ್ಲ, ಜನರಿರಲಿಲ್ಲ. ಹತ್ತೊಂಬತ್ತು ವರ್ಷ ಕಳೆದಿತ್ತು! ಮಲಗಿದ ಜಾಗದಲ್ಲೇ, ಮಲಗಿದ ದಿನಕ್ಕೇ ಸರಿಯಾಗಿ ಏಳುತ್ತೇನೆ. ಮೂರು ನಾಲ್ಕು ದಿನ ಎಚ್ಚರವಿರುತ್ತೇನೆ. ಕರಿಯಕ್ಕನ ವಂಶದವರನ್ನು ಹುಡುಕಿ ಕ್ಷಮೆ ಕೇಳಬೇಕೆಂದು ಅಲೆಯುತ್ತೇನೆ. ಸೋತು ಕಣ್ಣು ಮುಚ್ಚುತ್ತೇನೆ. ಮತ್ತೆ ಹತ್ತೊಂಬತ್ತು ವರ್ಷ.”

“ಅಂದ್ರೆ...”

“ಇದು ಒಂಬತ್ತನೆಯ ಸಲ ಎದ್ದಿರುವುದು. ನಿಮ್ಮ ಲೆಕ್ಕದಲ್ಲಿ ನೂರ ಎಪ್ಪತ್ತೊಂದು ವರ್ಷ. ನನಗೆ... ನನಗೆ ನಲವತ್ತು ದಿನವೂ ಆಗಿಲ್ಲ ಯಶೋಧರಾ. ನಾನು ಹೊರಟಾಗ ಮೋರಗ್ ದಡದಲ್ಲಿ ನಿಂತು ಅಳುತ್ತಿದ್ದುದು ಮೊನ್ನೆ ಮೊನ್ನೆ ನೋಡಿದ ಹಾಗಿದೆ. ಅವಳು ಯಾವಾಗ ಸತ್ತಳೋ ತಿಳಿಯದು.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

‘ಪಾಪ, ತಲೆ ಕೆಟ್ಟಿದೆ’ ಎಂದುಕೊಂಡಳು ಯಶೋಧರಾ. ಆದರೆ ಆ ಅಳು ಸುಳ್ಳಾಗಿರಲಿಲ್ಲ. ಅವಳಿಗರಿವಿಲ್ಲದೆಯೇ ಅವಳ ಕೈ ಅವನ ಹೆಗಲ ಮೇಲೆ ಹೋಗಿತ್ತು.

“ಒಂದು ಮಾತು ಕೊಡಿ” ಎಂದ ಅವನು. “ನಾನೇ ಬೇಡಿಕೊಂಡರೂ ನನ್ನನ್ನು ಮಲಗಲು ಬಿಡಬೇಡಿ. ಹಿಂದೆಲ್ಲ ಸುಲಭವಾಗಿ ಸೋಲುತ್ತಿದ್ದೆ. ಈ ಸಲ ಸೋಲಲು ಮನಸ್ಸಿಲ್ಲ.”

“ಯಾಕೆ? ಈ ಸಲ ಏನೈತೆ?”

ಅವನು ಅವಳನ್ನೇ ನೋಡಿದ.

“ಆಯ್ತು... ಮಾತು ಕೊಟ್ಟೆ” ಎಂದಳು ಯಶೋಧರಾ.

*

ನವೆಂಬರ್ ಹದಿನೇಳು. ಆರನೆಯ ದಿನ.

ಮಧ್ಯಾಹ್ನದ ಹೊತ್ತಿಗೆ ಕ್ಯಾಲಮ್ ಗೋಡೆಯೊಡನೆ ಮಾತಾಡತೊಡಗಿದ್ದ. ಮೈ ಕೆಂಡ. ಕೈ ಕಾಲು ತಡೆಯಲಾರದಷ್ಟು ನಡುಗುತ್ತಿದ್ದವು. ಎಚ್ಚರವಾಗಿರಲೆಂದು ಊದಿದ ಕಾಲನ್ನು ನೆಲಕ್ಕೆ ಒದ್ದು ಒದ್ದು ಗಾಯ ಬಿರಿದಿತ್ತು.

“ಗಾದ್ರಪ್ಪ, ನೀನು ಮಲಗು... ದೀಪ ಇತ್ತ ಕೊಡು. ನಾನು ಹಿಡಿಯುತ್ತೇನೆ” ಎನ್ನುತ್ತ ಖಾಲಿ ಗಾಳಿಗೆ ಕೈ ಚಾಚುತ್ತಿದ್ದ.

ಯಶೋಧರಾ ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದ್ದು ಒಂದೇ ಮಾತು. “ಹೆಂಗಾದ್ರೂ ಮಾಡಿ ಮೊದ್ಲು ಮಲಗ್ಸಮ್ಮ. ಹಿಂಗೇ ಬಿಟ್ರೆ ಜೀವಕ್ಕೇ ಅಪಾಯ.”

ಮಾತು ಕೊಟ್ಟಿದ್ದೇನೆ... ಆದರೆ ಕಣ್ಣೆದುರೇ ಸಾಯಲು ಬಿಡಲೇ? ಕಂಪನಿ ಸರ್ಕಾರವಂತೆ, ಶಾಪವಂತೆ! ಇದೆಲ್ಲ ನಿದ್ದೆಗೆಟ್ಟ ತಲೆಯ ಭ್ರಮೆ. ಒಂದು ಸಲ ಮಲಗಿ ಎದ್ದರೆ ಎಲ್ಲ ಸರಿಹೋಗುತ್ತದೆ. ಆಮೇಲೆ ಬೈದರೆ ಬೈಯಲಿ...

ಕೇಂದ್ರದಲ್ಲಿ ಅಲರ್ಜಿಯ ಮಾತ್ರೆ ಇದ್ದವು. ತಿಂದವರು ಕೂತಲ್ಲೇ ತೂಕಡಿಸುವಂಥವು. ಅವಳು ಎರಡನ್ನು ಪುಡಿ ಮಾಡಿ ಟೀಗೆ ಹಾಕಿ ಕದಡಿದಳು.

“ಟೀ ಕುಡೀರಿ. ಎಚ್ಚರ ಇರಾಕೆ ಒಳ್ಳೇದು.”

ಅವನು ನಂಬಿದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂಸಿನ ಹಾಗೆ ಕುಡಿದ. ಸ್ವಲ್ಪ ಹೊತ್ತಿಗೆ ಮಂಚದ ಮೇಲೆ ಒರಗಿದ. ರೆಪ್ಪೆ ಭಾರವಾದವು. ಗಾಬರಿಯಿಂದ ಅವಳ ಕೈ ಹುಡುಕಿ ಹಿಡಿದುಕೊಂಡ.

“ಯಶೋಧರಾ... ನಿನಗೆ ಒಂದು ಮಾತು... ನೀನು...”

ಮೊದಲ ಸಲ ಅವಳನ್ನು ಅವನು ‘ನೀನು’ ಅಂದಿದ್ದ. ಅಷ್ಟರಲ್ಲಿ ಕಣ್ಣು ಮುಚ್ಚಿದವು.

ಅವಳು ನೋಡುತ್ತಿದ್ದಂತೆಯೇ ಅವಳ ಅಂಗೈಯೊಳಗಿದ್ದ ಬೆರಳುಗಳು ಹಗುರವಾದವು. ಆಮೇಲೆ ಇಲ್ಲವಾದವು. ಮಂಚ ಖಾಲಿ! ದಿಂಬಿನಲ್ಲಿ ತಲೆಯಿಟ್ಟ ತಗ್ಗು ಹಾಗೇ ಇತ್ತು.

“ಕ್ಯಾಲಮ್!”

ಅವಳ ಚೀರಾಟಕ್ಕೆ ಕರಿಬಸಮ್ಮ ಓಡಿ ಬಂದಳು. ಮಂಚದ ಕೆಳಗೆ, ಬಾಗಿಲ ಹಿಂದೆ, ಹಿತ್ತಲಲ್ಲಿ ಹುಡುಕಿದರು. ಎಲ್ಲೂ ಇಲ್ಲ. ಯಶೋಧರಾ ನೆಲಕ್ಕೆ ಕುಸಿದಳು.

“ನಿಜ ಹೇಳಿದ್ರು ಕರಿಬಸಮ್ಮ... ಎಲ್ಲಾ ನಿಜ ಹೇಳಿದ್ರು. ನಾನೇ... ನನ್ ಕೈಯಾರೆ ಕಳಿಸ್ಬಿಟ್ಟೆ!”

*

ಒಂದು ವಾರ ಅವಳು ಅನ್ನ ಮುಟ್ಟಲಿಲ್ಲ. ಒಂದು ದಿನ ಕರಿಬಸಮ್ಮ ರೊಟ್ಟಿ ಮುರಿದು ಅವಳ ಬಾಯಿಗಿಡುತ್ತಾ ಕೇಳಿದಳು.

“ಆ ಹೆಂಗ್ಸು ಏನಂತ ಶಾಪ ಹಾಕಿದ್ಲು ಅಂದ್ರಿ?”

“ಕಣ್ ಬಿಟ್ರೆ ನಿನ್ನೋರು ಅನ್ನೋರು ಒಬ್ರೂ ಇರಬಾರ್ದು ಅಂತ.”

“ಮತ್ತೆ ಒಬ್ರು ಇದ್ರೆ?”

ಯಶೋಧರಾ ತಲೆಯೆತ್ತಿದಳು.

“ಇದ್ರೆ ಶಾಪ ಸುಳ್ಳಾತಲ್ಲ?” ಎಂದ ಕರಿಬಸಮ್ಮ ತಾನೇ ತಲೆ ಕೊಡವಿದಳು. “ಆದ್ರೆ ಹತ್ತೊಂಬತ್ ವರ್ಷ ಯಾರ್ ಕಾಯ್ತಾರೆ ಬಿಡವ್ವ.”

ಕಾಯುತ್ತೇನೆಂದು ಯಶೋಧರಾ ಆಣೆ ಮಾಡಲಿಲ್ಲ. ಮರೆಯಲು ನಿಜವಾಗಿಯೂ ಪ್ರಯತ್ನಪಟ್ಟಳು. ಎರಡು ವರ್ಷದ ನಂತರ ಹೊನ್ನಾಳಿಯ ಮಾಸ್ತರೊಬ್ಬರು ನೋಡಲು ಬಂದಾಗ ಸೀರೆ ಉಟ್ಟು ಕೂತಳು. ಒಳ್ಳೆಯ ಮನುಷ್ಯ. ನಕ್ಕು ಮಾತಾಡಿಸಿದರು. ಅವರ ಕೈಗೆ ಟೀ ಲೋಟ ಕೊಡುವಾಗ ಅವಳ ಕೈ ನಡುಗಿ ಟೀಯೆಲ್ಲ ಚೆಲ್ಲಿತು. ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ಅವಳ ತಾಯಿ ಅಂಜಮ್ಮ ತಲೆ ಚಚ್ಚಿಕೊಂಡಳು. “ಯಾರನ್ನ ಮನಸ್ನಾಗೆ ಇಟ್ಕಂಡೀಯ ಹೇಳು! ಯಾವ ಜಾತಿನೇ ಆಗ್ಲಿ ಕಟ್ತೀವಿ.”

“ಅವ್ರು ಇಲ್ಲವ್ವ.”

“ಸತ್ತವ್ರಾ?”

“ಇಲ್ಲ... ಇನ್ನೂ ಬಂದಿಲ್ಲ.”

ಅಂಜಮ್ಮ ಮಗಳ ಜೊತೆ ಮಾತು ಬಿಟ್ಟಳು. ಒಂಬತ್ತು ವರ್ಷ ಬಿಟ್ಟಿದ್ದಳು. ಕೊನೆಗೆ ಕಾಯಿಲೆ ಬಿದ್ದು ಮಗಳ ಕೈಯಲ್ಲೇ ಗಂಜಿ ಕುಡಿದು ಸತ್ತಳು. ಆಗಲೂ ಮಾತಾಡಲಿಲ್ಲ.

ಮಣ್ಣು ಮುಗಿದ ದಿನ ಅವಳ ತಂದೆ ಬೀರಲಿಂಗಪ್ಪ ಮಗಳ ಪಕ್ಕ ಬಂದು ಕೂತರು. ಅಂಬೇಡ್ಕರ್ ಹಾದಿ ಹಿಡಿದು ಬುದ್ಧನಿಗೆ ಕೈ ಮುಗಿದ ಮನುಷ್ಯ. ಮಗಳಿಗೆ ಬುದ್ಧನ ಹೆಂಡತಿಯ ಹೆಸರಿಟ್ಟವರೂ ಅವರೇ.

“ನಂದೇ ತಪ್ಪು ಕಣವ್ವ. ಬಿಟ್ ಹೋದೋನ ದಾರಿ ಕಾಯೋಳ ಹೆಸ್ರು ಇಟ್ಬಿಟ್ಟೆ.”

“ಅವ್ರು ಬಿಟ್ ಹೋಗ್ಲಿಲ್ಲಪ್ಪ” ಎಂದಳು ಯಶೋಧರಾ. “ನಾನೇ ಕಳಿಸ್ದೆ.”

ಅವರಿಗೆ ಅರ್ಥವಾಗಲಿಲ್ಲ. ಆದರೂ ಅವಳ ತಲೆ ಸವರಿದರು. ಅವಳು ಎಷ್ಟೋ ವರ್ಷದ ನಂತರ ಬಿಕ್ಕಿ ಬಿಕ್ಕಿ ಅತ್ತಳು.

ಕೆಲಸದಲ್ಲಿ ವರ್ಗವಾಯಿತು. ಮೊದಲು ಚನ್ನಗಿರಿ ತಾಲ್ಲೂಕಿನ ನಲ್ಲೂರು, ಆಮೇಲೆ ಉಬ್ರಾಣಿ. ನೂರಾರು ಹೆರಿಗೆ ಮಾಡಿಸಿದಳು. ಎಳೆಗೂಸುಗಳನ್ನು ಎತ್ತಿ ಬೇರೆಯವರ ಮಡಿಲಿಗೆ ಹಾಕಿದಳು. ಕನ್ನಡಕ ಬಂತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಯಿತು.

ಎಷ್ಟೋ ಸಲ ಅನ್ನಿಸುತ್ತಿತ್ತು, ಅದೆಲ್ಲ ನಿಜವಾಗಿ ನಡೆಯಿತೇ? ನನಗೇ ಹುಚ್ಚೇ? ಆರೇ ಆರು ದಿನ ಕಂಡ ಮನುಷ್ಯನಿಗಾಗಿ...

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ‘ನಿನ್ನೋರು’ ಅಂದಿದ್ದಳು ಕರಿಯಕ್ಕ. ನಾನು ಅವನವಳು ಹೌದೇ? ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಾತು ಮುರಿದು ವಿಷದ ಹಾಗೆ ಟೀ ಕುಡಿಸಿದವಳು... ನಾನು ಕಾದು ಕೂತರೂ ಶಾಪಕ್ಕೇನು ಲೆಕ್ಕ?

*

2025ರ ನವೆಂಬರ್ ಹದಿನೈದರಂದು ಉಬ್ರಾಣಿಗೆ ಫೋನ್ ಬಂತು.

“ಸಿಸ್ಟರಮ್ಮ, ನಾನು ಕರಿಬಸಮ್ಮ. ಹಳೇ ಆಸ್ಪತ್ರೆ ಕಟ್ಟಡ ಕೆಡವ್ತಾವ್ರೆ ಕಣವ್ವ! ನೀರಿನ ಟ್ಯಾಂಕ್ ಕಟ್ಟಾಕಂತೆ. ಜೆಸಿಬಿ ಬಂದೈತೆ.”

ಮಲಗಿದ ಜಾಗದಲ್ಲೇ ಏಳುತ್ತೇನೆ ಅಂದಿದ್ದ. ಅಲ್ಲಿ ಕಲ್ಲು ಕಾಂಕ್ರೀಟು ತುಂಬಿದ್ದರೆ?

ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಚನ್ನಗಿರಿ, ದಾವಣಗೆರೆ, ಜಗಳೂರು... ದಾರಿಯುದ್ದಕ್ಕೂ ಒಂದು ಹನಿ ನೀರು ಕುಡಿಯಲಿಲ್ಲ. ತಲುಪುವ ಹೊತ್ತಿಗೆ ಒಂದು ಗೋಡೆ ಬಿದ್ದಿತ್ತು. ಸೂರು ಕುಸಿದು ಮಂಚವಿದ್ದ ಕೋಣೆಯ ತುಂಬ ಮಣ್ಣು, ಗಾರೆ, ಹೆಂಚಿನ ಚೂರು.

ಅವಳು ಹೋಗಿ ಜೆಸಿಬಿಯ ಮುಂದೆ ನಿಂತುಬಿಟ್ಟಳು.

ಪಂಚಾಯ್ತಿ ಮೆಂಬರ್ ಮುರುಗೇಶಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. “ಏನ್ ಸಿಸ್ಟರ್ ಇದು! ಹಾವು ಚೇಳು ಸೇರ್ಕಂಡಿರೋ ಹಾಳ್ ಕಟ್ಟಡ. ಇದನ್ನ ಇಟ್ಕಂಡು ಏನ್ ಮಾಡಾಕೆ?”

“ಎರಡೇ ದಿನ ಬಿಡ್ರಿ. ಹದಿನೇಳನೇ ತಾರೀಕು ಕಳೀಲಿ. ಆಮೇಲೆ ಏನಾರ ಕಟ್ಕೊಳ್ರಿ.”

“ಯಾಕಂತ ಹೇಳ್ರಿ ಮತ್ತೆ?”

ಏನು ಹೇಳುವುದು? ಆಗ ಕರಿಬಸಮ್ಮ ಕೋಲೂರಿಕೊಂಡು ಮುಂದೆ ಬಂದಳು. ಎಪ್ಪತ್ತು ದಾಟಿತ್ತು, ಗಂಟಲು ಮಾತ್ರ ಹಳೆಯದೇ.

“ಏ ಮುರುಗೇಶಿ! ನಿನ್ ಮಗಳು ತಾಯಿ ಹೊಟ್ಟೆಯಾಗೆ ಅಡ್ಡಡ್ಡ ತಿರುಗ್ಕಂಡಾಗ ಇದೇ ಕ್ವಾಣೆಯಾಗೆ ಈಯಮ್ಮ ರಾತ್ರಿಯೆಲ್ಲಾ ನಿಂತು ತಾಯಿ ಮಗು ಇಬ್ರನ್ನೂ ಉಳ್ಸಿದ್ಲು. ಆವತ್ತು ನೀನು ಯಾಕಂತ ಕೇಳಿದ್ಯಾ?”

ಮುರುಗೇಶಪ್ಪ ತಲೆ ತಗ್ಗಿಸಿದ. ಡ್ರೈವರಿಗೆ ಕೈ ಮಾಡಿ ಗಾಡಿ ಹಿಂದಕ್ಕೆ ತೆಗೆಸಿದ. “ಎರಡೇ ದಿನ ಸಿಸ್ಟರ್.”

ಆ ಎರಡು ದಿನ ಇಬ್ಬರು ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಯಶೋಧರಾಳ ಉಗುರು ಕಿತ್ತು ರಕ್ತ ಬಂತು. ಮಂಚವಿದ್ದ ಜಾಗವನ್ನು ನೆಲ ಕಾಣುವವರೆಗೂ ಬಗೆದು, ಗುಡಿಸಿ, ನೀರು ಚಿಮುಕಿಸಿ, ಒಂದು ಕಂಬಳಿ ಹಾಸಿದರು.

ಹದಿನೇಳನೇ ತಾರೀಕು, ಸೋಮವಾರ. ಅವನು ಮಾಯವಾಗಿದ್ದ ಹೊತ್ತು, ಮಧ್ಯಾಹ್ನ ಮೂರು ಗಂಟೆ ಕಳೆಯಿತು. ಮೂರೂಕಾಲು... ಮೂರೂವರೆ...

ಇಲ್ಲ. ಬರುವುದಿಲ್ಲ. ಹತ್ತೊಂಬತ್ತು ವರ್ಷ... ನಾನು ಯಾರಿಗಾಗಿ...

ಅವಳು ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಳು. ಬಿಕ್ಕುವುದಕ್ಕೂ ಶಕ್ತಿ ಉಳಿದಿರಲಿಲ್ಲ.

ಆಗ ಯಾರೋ ಉಸಿರೆಳೆದ ಸದ್ದಾಯಿತು.

ಕಂಬಳಿಯ ಮೇಲೆ ಅವನು ಮಲಗಿದ್ದ. ಅದೇ ಅಂಗಿ, ಅದೇ ಬಿರಿದ ಗಾಯ. ಮೀಸೆಯ ತುದಿಯಲ್ಲಿ ಟೀ ಇನ್ನೂ ಒಣಗಿರಲಿಲ್ಲ!

ಅವನು ಕಣ್ಣು ತೆರೆದ. ಮೇಲೆ ಸೂರಿಲ್ಲದ ಆಕಾಶ ನೋಡಿದ. ಆಮೇಲೆ ಅವಳನ್ನು ನೋಡಿದ. ಆ ನೋಟದಲ್ಲಿ ಗುರುತಿರಲಿಲ್ಲ.

“ಅಮ್ಮಾ” ಎಂದ. “ಇದು ಆಸ್ಪತ್ರೆಯಲ್ಲವೇ?”

ಅಮ್ಮಾ! ಯಶೋಧರಾಳ ಎದೆ ಒಡೆಯಿತು. ಹೌದು, ಅವನ ಕಣ್ಣಿಗೆ ತಾನೀಗ ಕನ್ನಡಕದ, ನರೆಗೂದಲಿನ ಯಾರೋ ಒಬ್ಬ ಹೆಂಗಸು.

“ಇಲ್ಲಿ ಯಶೋಧರಾ ಎಂಬವರು ಇದ್ದರು” ಅವನು ಏಳಲು ತಡವರಿಸಿದ. “ಅವರು... ಇನ್ನೂ ಬದುಕಿದ್ದಾರೆಯೇ?”

ಹೇಳಿಬಿಡಲೇ, ಅವಳು ಮದುವೆಯಾಗಿ ಹೋದಳು ಅಂತ? ಈ ಮುಖ ತೋರಿಸುವುದಕ್ಕಿಂತ ಅದೇ ವಾಸಿಯೇನೋ...

“ಯಾಕೆ?” ಎಂದಳು. ಅಷ್ಟೇ ಹೊರಟಿತು ಬಾಯಿಂದ.

ಆ ಧ್ವನಿ ಕೇಳಿ ಅವನು ಏಳುವುದನ್ನು ನಿಲ್ಲಿಸಿದ. ಮೆಲ್ಲನೆ ಅವಳತ್ತ ತಿರುಗಿದ. ಕನ್ನಡಕದ ಹಿಂದಿನ ಕಣ್ಣುಗಳನ್ನೇ ದಿಟ್ಟಿಸಿದ.

“ಯಶೋಧರಾ?”

“ಹತ್ರ ಬರಬೇಡ್ರಿ. ಮೊದ್ಲು ನಾನ್ ಹೇಳೋದು ಕೇಳ್ರಿ.” ಅವಳು ಹಿಂದೆ ಸರಿದಳು. ಇದನ್ನು ಹೇಳದೆ ಬೇರೇನನ್ನೂ ಹೇಳುವ ಹಕ್ಕು ತನಗಿಲ್ಲ ಎನ್ನಿಸಿತು. “ಆ ಟೀಯಾಗೆ ಮಾತ್ರೆ ಹಾಕಿದ್ದು ನಾನು. ನಿದ್ದೆ ಬರೋ ಮಾತ್ರೆ. ನೀವ್ ಹೇಳಿದ್ದು ನಂಬ್ಲಿಲ್ಲ. ಮಾತ್ ಕೊಟ್ಟು ಮುರಿದೆ.”

ಅವನ ಮುಖ ಬಿಳಿಚಿಕೊಂಡಿತು. ಎದ್ದು ನಿಂತು, ಕುಂಟುತ್ತಾ ಬಿದ್ದ ಗೋಡೆಯಾಚೆ ಹೋದ. ಗುಡ್ಡದ ಕಡೆ ಮುಖ ಮಾಡಿ ನಿಂತ. ಎಷ್ಟು ಹೊತ್ತಾದರೂ ತಿರುಗಲಿಲ್ಲ.

ಮುಗಿಯಿತು, ಅಂದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕಂಬಳಿ ಮಡಚತೊಡಗಿದಳು.

“ಸಿಟ್ಟು ಬಂತು” ಹಿಂದಿನಿಂದ ಅವನ ಧ್ವನಿ. “ಈಗತಾನೆ ನಂಬಿ ಕುಡಿದೆ. ನನಗೆ ಅದು ಈಗತಾನೆ ಆದದ್ದು, ಯಶೋಧರಾ.”

“ಬೈರಿ. ಬೈಯಿಸ್ಕೊಳ್ಳಾಕೇ ಕಾದಿದ್ದೆ.”

“ಗಾದ್ರಪ್ಪ ಕಾಲು ಹಿಡಿದಾಗ ನಾನು ನಕ್ಷೆ ನೋಡುತ್ತಿದ್ದೆ. ಅವನ ಮುಖ ಸಹ ನೋಡಲಿಲ್ಲ.” ಅವನು ಹತ್ತಿರ ಬಂದು ಅವಳೆದುರು ಕುಳಿತ. “ನೀವು ನನ್ನ ಮುಖ ನೋಡಿದಿರಿ. ನೋಡಲಾರದೆ ಮಲಗಿಸಿದಿರಿ. ನಿಮ್ಮ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗೆ ಯಾವ ಬಾಯಿದೆ?”

ಅವಳ ರಕ್ತ ಕಟ್ಟಿದ ಉಗುರುಗಳನ್ನು ನೋಡಿ ಅವನು ಕೈ ಹಿಡಿದುಕೊಂಡ. “ಹತ್ತೊಂಬತ್ತು ವರ್ಷ ಇಲ್ಲೇ ಇದ್ದಿರಾ? ಮದುವೆ... ಮಕ್ಕಳು?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅಯ್ಯೋ! ಗಾದ್ರಪ್ಪನದು ಸಾಲದೆಂದು ನಿಮ್ಮ ಆಯುಷ್ಯವನ್ನೂ ತಿಂದುಬಿಟ್ಟೆನಲ್ಲ!” ಅವನು ಗೋಳಾಡಿದ.

“ಆವತ್ತು ಏನೋ ಹೇಳಾಕೆ ಹೊಂಟಿದ್ರಿ. ಅರ್ಧಕ್ಕೇ ನಿಂತಿತು. ಅದನ್ನ ಕೇಳ್ಬೇಕಿತ್ತು ನಂಗೆ. ಈಗ ಹೇಳ್ಬೇಕು ಅನ್ಸದಿದ್ರೆ ಬ್ಯಾಡ. ನಂಗೀಗ ನಲವತ್ಮೂರು.”

“ನೀನು ನನ್ನವಳು” ಎಂದ ಅವನು, ಒಂದು ಕ್ಷಣವೂ ತಡೆಯದೆ. “ಅಷ್ಟೇ ಹೇಳಬೇಕೆಂದಿದ್ದೆ. ನೀನು ನನ್ನವಳು, ಯಶೋಧರಾ.”

*

ಆದರೆ ಅವನು ಮಲಗಲು ಒಪ್ಪಲಿಲ್ಲ. ಕರಿಬಸಮ್ಮನ ಜಗಲಿಯ ಮೇಲೆ ಎರಡು ದಿನ ಮತ್ತೆ ಅದೇ ನಡಿಗೆ, ಅದೇ ಕೆಂಪು ಕಣ್ಣು. ಅವಳೂ ಜೊತೆಗೆ ಎಚ್ಚರವಿದ್ದಳು. ಮೂರನೆಯ ದಿನ ಮಧ್ಯಾಹ್ನ ಅವಳೇ ಚಾಪೆ ಹಾಸಿದಳು.

“ಆವತ್ತು ಕದ್ದು ಮಲಗಿಸ್ದೆ. ಇವತ್ತು ಕೇಳಿ ಮಲಗಿಸ್ತೀನಿ. ಈ ಸಲ ಕಣ್ ಬಿಟ್ಟಾಗ ನಿಮ್ಮೋಳು ಒಬ್ಳು ಇದ್ಲಲ್ಲ, ಶಾಪ ಸುಳ್ಳಾಗಿರ್ಬೇಕು. ಮಲಕ್ಕಳ್ರಿ.”

“ಎದ್ದಾಗ ನೀನಿಲ್ಲದಿದ್ದರೆ?”

“ನಂಗ್ ಅರವತ್ತೆರಡಾದಾಗ ಇನ್ನೊಂದ್ ಸಲ ಬಂದು ಇಲ್ಲೇ ಕೂರ್ತೀನಿ.”

ಅವನು ಅವಳ ಮುಖವನ್ನು ಕೊನೆಯ ಸಲ ನೋಡುವವನಂತೆ ನೋಡಿದ. ಅವಳ ತೊಡೆಯ ಮೇಲೆ ತಲೆಯಿಟ್ಟ. ಕಣ್ಣಂಚಿನಲ್ಲಿ ನೀರು. ಮೆಲ್ಲಗೆ ರೆಪ್ಪೆ ಮುಚ್ಚಿತು.

ಯಶೋಧರಾ ಎರಡೂ ಕೈಯಲ್ಲಿ ಅವನ ಕೈ ಒತ್ತಿ ಹಿಡಿದಳು. ಹೋಗಬೇಡ... ಹೋಗಬೇಡ...

ಒಂದು ಉಸಿರು. ಎರಡು. ಹತ್ತು. ನೂರು.

ತೊಡೆಯ ಮೇಲಿನ ಭಾರ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಅವನು ಗೊರಕೆ ಹೊಡೆಯತೊಡಗಿದ! ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಾ ಒಳಗೆ ಓಡಿದಳು.

ಬಿಸಿಲು ಜಗಲಿಯಿಂದ ಇಳಿದು ಅಂಗಳ ದಾಟುವ ಹೊತ್ತಿಗೆ ಅವನು ಬೆಚ್ಚಿ ಎದ್ದ. ಕಣ್ಣು ಬಿಡಲೂ ಹೆದರಿಕೆ. ಮುಚ್ಚಿದ ಕಣ್ಣಲ್ಲೇ ಕೇಳಿದ.

“ಎಷ್ಟು ವರ್ಷ?”

“ಎರಡೂವರೆ ಗಂಟೆ” ಎಂದಳು ಯಶೋಧರಾ. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. “ಕಾಲು ಜೋಮು ಹಿಡ್ದೈತೆ, ತಲೆ ಎತ್ರಿ.”

ಅವನು ಕಣ್ಣು ಬಿಟ್ಟ. ಅವಳನ್ನು ನೋಡಿದ. ಎಷ್ಟೋ ಹೊತ್ತು ನೋಡುತ್ತಲೇ ಇದ್ದ. ಅವಳ ಕಣ್ಣ ಕೆಳಗಿನ ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದ.

“ನೀನು ನಿದ್ದೆ ಮಾಡಿ ಎಷ್ಟು ದಿನವಾಯಿತು?”

“ಲೆಕ್ಕ ಇಟ್ಟಿಲ್ಲ.”

ಅವನು ಎದ್ದು ಗೋಡೆಗೆ ಒರಗಿ ಕೂತ. ಕಂಬಳಿ ಎಳೆದು ಅವಳ ಹೆಗಲಿಗೆ ಹೊದಿಸಿದ.

“ಈಗ ನೀನು ಮಲಗು. ನಾನು ಎಚ್ಚರವಾಗಿರುತ್ತೇನೆ.”

“ಎದ್ದಾಗ ಇರ್ತೀರಾ?”

“ಇರುತ್ತೇನೆ.”

ಯಶೋಧರಾ ಅವನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.